ಮಕ್ಕಳಿಗೆ ಹೆದರಿಕೆ ಸಿನಿಮಾ ಹಾಕುವ ಮೊದಲು

ವಿರಾಜಪೇಟೆ

ಮಗಳೇ,

ನಿನ್ನ ಕಾಗದ ತಲುಪಿತು. ಹುತ್ತರಿ ಸುಗ್ಗಿ ಹಬ್ಬಕ್ಕೆ ನಮ್ಮ ಹಿರಿಯರ ಮನೆ ಐನ್‌ಮನೆಯಲ್ಲಿ ಸೇರುವಾಗ ದೆವ್ವದ ಸಿನಿಮಾ ಬೇಕೇ ಬೇಕು ಎಂದು ಮಕ್ಕಳು ಈಗಿನಿಂದಲೇ ಹಟ ಹಿಡಿದಿದ್ದಾರೆ, ಯಾವುದು ಹಾಕಲಿ ಎಂದು ಕೇಳಿದ್ದೀಯ. ಬೇಡ ಎನ್ನುವವಳಲ್ಲ ನಾನು. ಒಬ್ಬರನ್ನೊಬ್ಬರು ತಬ್ಬಿಕೊಂಡು ಹೆದರಿ, ಮರುಗಳಿಗೆಗೆ ನಗುವುದು ಮಕ್ಕಳಿಗೆ ಬೇಕಾದದ್ದೇ. ಆದರೆ ಐದು ವರ್ಷದವಳೂ ಹನ್ನೆರಡರವನೂ ಒಂದೇ ಚಾಪೆಯ ಮೇಲೆ ಕೂರುತ್ತಾರೆ. ಸಿನಿಮಾ ಆರಿಸುವಾಗ ಸಣ್ಣವಳ ಮುಖ ನೋಡು, ದೊಡ್ಡವನ ಹಟ ನೋಡಬೇಡ. ದೊಡ್ಡವನಿಗೆ ಸಪ್ಪೆಯಾದರೆ ಒಂದೂವರೆ ಗಂಟೆಯ ಬೇಸರ, ಅಷ್ಟೇ. ಸಣ್ಣವಳು ಬೆಚ್ಚಿಬಿದ್ದರೆ ಮನೆಮಂದಿಗೆಲ್ಲ ವಾರಗಟ್ಟಲೆ ನಿದ್ದೆ ಇಲ್ಲ.

ಸರ್ಟಿಫಿಕೇಟ್ ವಿಷಯ ಮೊದಲು ಮುಗಿಸಿಬಿಡುತ್ತೇನೆ. 2023ರ ತಿದ್ದುಪಡಿಯಲ್ಲಿ, ದೊಡ್ಡವರ ಮಾರ್ಗದರ್ಶನ ಬೇಕೆನ್ನುವ ಯುಎ ಗುರುತನ್ನು 7+, 13+, 16+ ಎಂದು ಮೂರು ಮಾಡಿದ್ದಾರೆ. ಓಟಿಟಿಗಳಿಗೆ 2021ರ ನಿಯಮದಿಂದಲೇ ಈ ವಿಂಗಡಣೆ ಇದೆ. 13+ ಮತ್ತು ಅದಕ್ಕೂ ಮೇಲಿನದಕ್ಕೆ ಲಾಕ್ ಹಾಕುವ ಸೌಲಭ್ಯ ಅವರು ಕೊಡಲೇಬೇಕು, ನೀನು ಹಾಕಿಡು. ಹಳೆಯ ಸಿನಿಮಾಗಳಲ್ಲಿ ಬರೀ ಯುಎ ಎಂದಿರುತ್ತದೆ, ಅದರಿಂದ ಹೆಚ್ಚೇನೂ ತಿಳಿಯದು. ಅಮೆರಿಕದವರ ಅದೇ ಬಗೆಯ ಪಿಜಿ ಗುರುತು ಕಂಡರೆ ಇಸವಿಯನ್ನೂ ನೋಡು. ಅವರಲ್ಲಿ ಪಿಜಿ-13 ಬಂದದ್ದು 1984ರಲ್ಲಿ. ಅದಕ್ಕೆ ಮುಂಚಿನ ಪಿಜಿ ಸಿನಿಮಾಗಳಲ್ಲಿ 1975ರ 'ಜಾಸ್' ಕೂಡ ಇದೆ, ಶಾರ್ಕ್ ಮನುಷ್ಯರನ್ನು ತಿನ್ನುವ ಕತೆ. ಒಟ್ಟಿನಲ್ಲಿ ಸರ್ಟಿಫಿಕೇಟ್ ನೋಡಿ ಒಂದಷ್ಟು ಸಿನಿಮಾ ಬಿಡಬಹುದು, ಆರಿಸಲು ಅದು ಸಾಲದು.

ಆರಿಸಲು ಬೇಕಾದದ್ದು ಯಾವ ವಯಸ್ಸಿಗೆ ಯಾವುದರ ಭಯ ಎಂಬ ತಿಳಿವಳಿಕೆ. ಏಳು ವರ್ಷದೊಳಗಿನ ಮಗುವಿಗೆ ಕಣ್ಣಿಗೆ ಕಂಡದ್ದೇ ನಿಜ. ವಿಕಾರ ಮುಖ, ಕೋರೆಹಲ್ಲು, ಅದಕ್ಕಿಂತಲೂ ಹೆಚ್ಚಾಗಿ ರೂಪ ಬದಲಾಗುವುದು ಅವರನ್ನು ಹೆದರಿಸುತ್ತದೆ. ಜೋಆನ್ ಕ್ಯಾಂಟರ್ ಎಂಬ ಅಮೆರಿಕದ ಸಂಶೋಧಕಿ ಮಕ್ಕಳ ಟಿವಿ ಭಯದ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಅವರು ಕಂಡಂತೆ ಹಲ್ಕ್ ಧಾರಾವಾಹಿಯಲ್ಲಿ ಸಣ್ಣ ಮಕ್ಕಳು ಹೆಚ್ಚು ಹೆದರಿದ್ದು ಒಳ್ಳೆಯ ಮನುಷ್ಯ ಮೈ ಉಬ್ಬಿ ಹಸಿರಾಗುವುದನ್ನು ಕಂಡು. ಎಂಟು ದಾಟಿದವರಿಗೆ ಮುಖವಾಡದ ಭಯ ಇಳಿದು 'ನನಗೂ ಹೀಗಾದರೆ' ಎಂಬ ಭಯ ಏರುತ್ತದೆ: ಅಪಹರಣ, ಬೆಂಕಿ, ಅಪ್ಪ ಅಮ್ಮ ಸಾಯುವುದು. ಅದಕ್ಕೇ ನಮ್ಮ ಜಿಲ್ಲೆಯ ಮಕ್ಕಳಿಗೆ ಪ್ರವಾಹ, ಗುಡ್ಡ ಕುಸಿತದ ಸಿನಿಮಾ ಸುತರಾಂ ಬೇಡ. 2018ರ ಆಗಸ್ಟ್ ನೆನಪು ಮಳೆ ಜೋರಾದಾಗಲೆಲ್ಲ ಮನೆಮಾತಿನಲ್ಲಿ ಬರುತ್ತದೆ, ಮಕ್ಕಳು ಅದನ್ನು ಕೇಳಿಯೇ ಬೆಳೆದವರು. ಸಿದ್ದಾಪುರ ಕಡೆಯಿಂದ ಬರುವ ಇಬ್ಬರಿಗೆ ತೋಟದಲ್ಲಿ ಆನೆ ನಿಜವಾದ ಭಯ, ಕಾಡುಪ್ರಾಣಿ ಎರಗುವ ಸಿನಿಮಾವನ್ನು ಅವರ ಮುಂದೆ ಹಾಕಬೇಡ.

ನಿನ್ನ ಮಕ್ಕಳ ಮಟ್ಟ ತಿಳಿಯಲು ಮಡಿಕೇರಿ ದಸರಾ ನೆನಪು ಮಾಡಿಕೊ. ದಶಮಂಟಪದ ಮುಂದೆ ಅಸುರ ಕೈಯೆತ್ತಿ, ಹೊಗೆ ಎದ್ದು, ಎದೆ ನಡುಗುವ ಸದ್ದು ಬಂದಾಗ ಯಾರು ಮುಂದೆ ನುಗ್ಗಿದರು, ಯಾರು ನಿನ್ನ ಸೆರಗು ಹಿಡಿದರು, ಯಾರು ಕಿವಿ ಮುಚ್ಚಿಕೊಂಡೂ ಕಣ್ಣು ಬಿಟ್ಟು ನೋಡಿದರು? ಕಿವಿ ಮುಚ್ಚಿದವರಿಗೆ ಸದ್ದಿನ ಭಯ, ವಾಲ್ಯೂಮ್ ಇಳಿಸಿದರೆ ಸಾಕು. ಕಣ್ಣು ಮುಚ್ಚಿದವರಿಗೆ ರೂಪದ ಭಯ, ಅವರಿಗೆ ಸಿನಿಮಾವನ್ನೇ ಬದಲಿಸಬೇಕು.

ಈಗ ಹೆಸರುಗಳು. ಎಲ್ಲರೂ ಕೂತು ನೋಡಲು ನಾನು ಹೇಳುವುದು 1988ರ ಜಪಾನಿ ಕಾರ್ಟೂನ್ 'ಮೈ ನೈಬರ್ ಟೊಟೊರೊ', 86 ನಿಮಿಷ. ಹಳ್ಳಿಯ ಹಳೆ ಮನೆ, ಅಟ್ಟದಲ್ಲಿ ಓಡಾಡುವ ಮಸಿ ಉಂಡೆಗಳು, ಕಾಡಿನಲ್ಲೊಂದು ದೊಡ್ಡ ಪ್ರಾಣಿ. ಕೆಟ್ಟವರು ಯಾರೂ ಇಲ್ಲ. ಪುನುಗು ಬೆಕ್ಕು ಓಡಾಡುವ ನಮ್ಮ ಅಟ್ಟದ ಭಯಕ್ಕೆ ಇದಕ್ಕಿಂತ ಮದ್ದಿಲ್ಲ. ಕೊನೆಯ ಭಾಗದಲ್ಲಿ ಸಣ್ಣ ಹುಡುಗಿ ಕಳೆದುಹೋಗುತ್ತಾಳೆ. 'ಸಿಗುತ್ತಾಳೆ' ಎಂದು ಐದು ವರ್ಷದವಳಿಗೆ ಮೊದಲೇ ಹೇಳಿಬಿಡು. ಕತೆ ಬಿಟ್ಟುಕೊಟ್ಟರೆ ಮಜಾ ಹೋಗುತ್ತದೆ ಎಂಬುದು ದೊಡ್ಡವರ ಲೆಕ್ಕ, ಸಣ್ಣವರಿಗೆ ಗೊತ್ತಿದ್ದಷ್ಟೂ ಧೈರ್ಯ. ಹುತ್ತರಿ ರಾತ್ರಿ ಕೋವಿ ಸದ್ದಿಗೆ ಬೆಚ್ಚದ ಮಗು ಟಿವಿಯಲ್ಲಿ ಬಾಗಿಲು ಕಿರ್ರೆಂದರೆ ಬೆಚ್ಚುವುದೇಕೆ? ಕೋವಿ ಹಾರುವ ಮೊದಲು ನಾವು ಹೇಳಿರುತ್ತೇವೆ.

'ಕೊರಲೈನ್' (2009) ಬೊಂಬೆ ಸಿನಿಮಾ, ಪಿಜಿ ಗುರುತಿದೆ, ಅದನ್ನು ನೋಡಿ ಮೋಸ ಹೋಗಬೇಡ. ಅಮ್ಮನಂತೆಯೇ ಇರುವವಳು ಬಂದು ಹುಡುಗಿಯ ಕಣ್ಣಿಗೆ ಗುಂಡಿ ಹೊಲಿಯುತ್ತೇನೆ ಎನ್ನುತ್ತಾಳೆ. ಹತ್ತು ವರ್ಷದವರಿಗೆ ಬಹಳ ಒಳ್ಳೆಯದು, ಅಮ್ಮನನ್ನು ಬಿಟ್ಟು ರಜೆಗೆ ಬಂದ ಸಣ್ಣ ಮಗುವಿಗೆ ಅಲ್ಲ. 'ಸ್ಪಿರಿಟೆಡ್ ಅವೇ' (2001) ಕೂಡ ಹಾಗೆಯೇ: ಶುರುವಿನಲ್ಲೇ ಅಪ್ಪ ಅಮ್ಮ ಹಂದಿಗಳಾಗುತ್ತಾರೆ, ರೂಪ ಬದಲಾಗುವ ಭಯ ಎಂದೆನಲ್ಲ, ಅದೇ ಇದು. 'ಮಾನ್‌ಸ್ಟರ್ ಹೌಸ್' (2006) ಒಂಬತ್ತು ದಾಟಿದವರಿಗೆ ಸರಿ, ಆದರೆ ಅದರಲ್ಲಿ ಹಳೆಯ ಮನೆಯೇ ಜನರನ್ನು ನುಂಗುತ್ತದೆ. ಐನ್‌ಮನೆಯಲ್ಲಿ ಮಲಗಬೇಕಾದ ರಾತ್ರಿ ಅದು ಬೇಡ, ಪೇಟೆ ಮನೆಯಲ್ಲಿ ನೋಡಲಿ.

1984ರ ಮಲಯಾಳಂ 'ಮೈ ಡಿಯರ್ ಕುಟ್ಟಿಚಾತ್ತನ್', ಭಾರತದ ಮೊದಲ ತ್ರೀಡಿ ಸಿನಿಮಾ, ಮಾಂತ್ರಿಕನ ಕೈಯಿಂದ ಚಾತನೆಂಬ ಪುಟ್ಟ ಭೂತವನ್ನು ಬಿಡಿಸುವ ಮಕ್ಕಳ ಕತೆ. ನಮ್ಮವರಲ್ಲಿ ಎಷ್ಟೋ ಮಕ್ಕಳಿಗೆ ಮಲಯಾಳಂ ಬರುತ್ತದೆ, ಹಾಗಾಗಿ ಹೇಳುತ್ತಿದ್ದೇನೆ. ಎರಡು ವಿಷಯ ಗಮನಿಸು. ಒಂದು, ಅದರಲ್ಲಿ ಕುಡಿತದ ದೃಶ್ಯಗಳಿವೆ. ಇನ್ನೊಂದು, ನಮ್ಮಲ್ಲಿ ಕುಟ್ಟಿಚಾತನಿಗೆ ತೆರೆ, ಎಂದರೆ ದೈವದ ವೇಷ, ಕಟ್ಟುತ್ತಾರೆ. ತೆರೆ ಕಟ್ಟಿದವರ ಬಣ್ಣ, ಮೈಮೇಲೆ ಬರುವ ದರ್ಶನ ಕಂಡ ಮಗು ಸಿನಿಮಾದ ದೆವ್ವವನ್ನೂ ಅದನ್ನೂ ಒಂದೇ ಎಂದುಕೊಂಡರೆ ಮುಂದಿನ ವರ್ಷ ದೈವದ ಸ್ಥಾನದ ಹತ್ತಿರ ಸುಳಿಯುವುದಿಲ್ಲ. 'ಅಲ್ಲಿ ನಾವು ಕೈ ಮುಗಿಯುವುದು, ಇದು ಆಟದ ಕತೆ' ಎಂದು ಮೊದಲೇ ಬಿಡಿಸಿ ಹೇಳು. ಮೈಮೇಲೆ ದೆವ್ವ ಬರುವ ಸಿನಿಮಾಗಳನ್ನು ಹನ್ನೆರಡರೊಳಗಿನವರಿಗೆ ನಾನು ಬೇಡವೆನ್ನುವುದೂ ಇದಕ್ಕೇ. 'ಆಪ್ತಮಿತ್ರ' (2004) ಹಾಕೋಣ, ಅದರಲ್ಲಿ ಕೊನೆಗೆ ಎಲ್ಲ ಮನಸ್ಸಿನ ಕಾಯಿಲೆ ಎಂದು ಡಾಕ್ಟರ್ ಹೇಳುತ್ತಾರಲ್ಲ ಎನ್ನಬಹುದು ನೀನು. ಡಾಕ್ಟರ ಮಾತು ದೊಡ್ಡವರಿಗೆ ನೆನಪಿರುತ್ತದೆ, ಮಕ್ಕಳಿಗೆ ನೆನಪಿರುವುದು ನಾಗವಲ್ಲಿಯ ಕಣ್ಣು. ಹಾಸ್ಯ ದೆವ್ವದ ಸಿನಿಮಾಗಳನ್ನಂತೂ ಹೆಸರು ನೋಡಿ ನಂಬಲೇಬೇಡ, ಅರ್ಧ ಡಬಲ್ ಮೀನಿಂಗ್ ಮಾತೇ ಇರುತ್ತದೆ.

ಯಾವುದನ್ನೇ ಆರಿಸು, ಮೊದಲು ನೀನು ಪೂರ್ತಿ ನೋಡು. ಓಡಿಸಿ ನೋಡಿದರೆ ಸದ್ದಿನ ಪೆಟ್ಟು ಗೊತ್ತಾಗುವುದಿಲ್ಲ. ಒಂದು ಚೀಟಿಯಲ್ಲಿ ಬೆಚ್ಚಿಸುವ ಜಾಗಗಳ ನಿಮಿಷ ಬರೆದಿಡು. ನಾಯಿಮರಿ, ತಂದೆ ತಾಯಿಗೆ ಏನಾಗುತ್ತದೆ ನೋಡು. ಕೊನೆಯ ಐದು ನಿಮಿಷ ಬಹಳ ಮುಖ್ಯ: ಎಲ್ಲ ಮುಗಿಯಿತು ಎನ್ನುವಾಗ ಮತ್ತೆ ಒಂದು ಕೈ ಮೇಲೆದ್ದು ಸಿನಿಮಾ ನಿಂತರೆ ಅದು ಮಕ್ಕಳ ಸಿನಿಮಾ ಅಲ್ಲ. ದೆವ್ವ ಹೋಯಿತು ಎಂಬ ಭರವಸೆ ಕಣ್ಣಾರೆ ಸಿಗಬೇಕು.

ಕರೆಂಟಿನ ವಿಷಯವನ್ನೂ ಇದೇ ಕಾರಣಕ್ಕೆ ಹೇಳುತ್ತೇನೆ. ಭಯದ ತುದಿಯಲ್ಲಿ ಕರೆಂಟ್ ಹೋಗಿ ಸಿನಿಮಾ ನಿಂತರೆ ಮಗು ಉಳಿದದ್ದನ್ನು ಕತ್ತಲಲ್ಲಿ ತಾನೇ ಕಟ್ಟಿಕೊಳ್ಳುತ್ತದೆ, ಅದು ಯಾವ ನಿರ್ದೇಶಕನಿಗೂ ಆಗದಷ್ಟು ಘೋರವಾಗಿರುತ್ತದೆ. ಐನ್‌ಮನೆಯಲ್ಲಿ ನೆಟ್ ಕೂಡ ಸಿಗುವುದಿಲ್ಲ, ಪೇಟೆಯಲ್ಲೇ ಡೌನ್‌ಲೋಡ್ ಮಾಡಿಕೊ, ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡಿ ಪಕ್ಕದಲ್ಲಿಟ್ಟುಕೊ. ಆದರೂ ನಡುವೆ ನಿಂತರೆ ಕೊನೆಯನ್ನು ನೀನೇ ಬಾಯಲ್ಲಿ ಹೇಳಿ ಮುಗಿಸು.

ಕದಿರು ತೆಗೆಯುವ ದಿನ ಬೇಡ, ಮರುದಿನವೂ ಬೇಡ. ನಿದ್ದೆಗೆಟ್ಟ ಮಗು ಬೇಗ ಹೆದರುತ್ತದೆ. ಅದರಾಚೆ ಮಧ್ಯಾಹ್ನ ಊಟವಾಗಿ ಎರಡು ಗಂಟೆಗೆ ಶುರು ಮಾಡಿದರೆ ಬೆಳಕಿರುವಾಗಲೇ ಮುಗಿದು, ಕಣದಲ್ಲಿ ಓಡಾಡಲು ಹೊತ್ತು ಉಳಿಯುತ್ತದೆ. ಕಿಟಕಿ ತೆರೆದಿರಲಿ. ನೀನು ಮಾಮೂಲಿ ದನಿಯಲ್ಲಿ ಮಾತಾಡಿದರೆ ಕೇಳಿಸುವಷ್ಟೇ ವಾಲ್ಯೂಮ್ ಇಡು. ಹೆಚ್ಚು ಅಂಜುವ ಮಗುವಿನ ಕೈಗೆ ರಿಮೋಟ್ ಕೊಡು, ಬಾಗಿಲ ಹತ್ತಿರ ಕೂರಿಸು, ಎದ್ದು ಹೋಗಲು ಯಾರನ್ನೂ ದಾಟಬೇಕಾಗಬಾರದು. 'ಪುಕ್ಕಲ' ಎಂದವರಿಗೆ ಆ ದಿನ ಪಾಯಸವಿಲ್ಲ ಎಂದು ಮೊದಲೇ ಸಾರು.

ರಾತ್ರಿ ಹೆದರಿ ಎದ್ದರೆ ಐದು ವರ್ಷದವಳಿಗೆ 'ಅದೆಲ್ಲ ಸುಳ್ಳು' ಎಂದು ವಾದ ಮಾಡಬೇಡ, ತಲೆಗೆ ಹೋಗುವುದಿಲ್ಲ. ಮಡಿಲು, ಕಂಬಳಿ, ಬಿಸಿ ಹಾಲು, ಹಚ್ಚಿಟ್ಟ ಒಂದು ದೀಪ ಸಾಕು. ಮಂಚದಡಿ ಟಾರ್ಚ್ ಬಿಟ್ಟು ದೆವ್ವ ಹುಡುಕುವ ನಾಟಕವೂ ಬೇಡ. ಹುಡುಕುತ್ತೀಯೆಂದರೆ ಇರಬಹುದು ಎಂದೇ ಅವಳ ಲೆಕ್ಕ. ಹತ್ತು ವರ್ಷದವರಿಗಾದರೆ ವಿವರಣೆ ಕೆಲಸ ಮಾಡುತ್ತದೆ: ಬೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಫೋಟೋ ತೆಗೆದು, ಸೆಕೆಂಡಿಗೆ 24 ಚಿತ್ರ ಓಡಿಸುತ್ತಾರೆ ಎಂದು ತೋರಿಸಿಕೊಡು. ಬಚ್ಚಲು ಹೊರಗಿದೆಯಲ್ಲ, ಒಂದೆರಡು ರಾತ್ರಿ ಕೇಳುವ ಮೊದಲೇ ಜೊತೆಗೆ ಹೋಗು. ಎರಡು ಮೂರು ವಾರವಾದರೂ ನಿದ್ದೆ ಬಾರದೆ ಶಾಲೆಗೆ ಹೋಗಲೂ ಹಿಂಜರಿದರೆ ಮಕ್ಕಳ ಡಾಕ್ಟರಿಗೆ ತೋರಿಸು.

ದೊಡ್ಡವನ ಹಟಕ್ಕೂ ದಾರಿ ಇದೆ. ಸಣ್ಣವರು ಊರ ಮೈದಾನ ಮಂದ್‌ಗೆ ಕೋಲಾಟ ನೋಡಲು ಹೋದ ಹೊತ್ತಿನಲ್ಲಿ ಅವನಿಗೂ ಹತ್ತರವಳಿಗೂ 'ಕೊರಲೈನ್' ಹಾಕು, ನೀನೂ ಜೊತೆಗೆ ಕೂರು. ನೋಡಿದ್ದನ್ನು ಸಣ್ಣವಳ ಮುಂದೆ ಬಾಯಿ ಬಿಡುವುದಿಲ್ಲ ಎಂದು ಮೊದಲೇ ಮಾತು ತೆಗೆದುಕೊ. ಮನೆಯ ಗುಂಡಿ ಡಬ್ಬಿಯನ್ನು ಒಂದು ವಾರ ಬೀರುವಿನೊಳಗಿಡು, ಅವನು ಏನು ಮಾಡುತ್ತಾನೆಂದು ನಿನಗೂ ಗೊತ್ತು.

ಇಂತು,
ನಿನ್ನ ದೊಡ್ಡಮ್ಮ