ಕಾರಂತರ ಕಾಗದಪತ್ರಗಳ ಕುರಿತು ಸಂಸ್ಕೃತಿ ಸಚಿವರಿಗೆ ಒಂದು ಬಹಿರಂಗ ಪತ್ರ

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾನ್ಯ ಸಚಿವರಿಗೆ,

ಸವಿನಯ ವಂದನೆಗಳು.

ಕೋಟ ಶಿವರಾಮ ಕಾರಂತರನ್ನು ನಾವು ಮೊದಲು ನೆನೆಯುವುದು ಕಾದಂಬರಿಕಾರರೆಂದು. ಆದರೆ ಕೇಂದ್ರ ಸಾಹಿತ್ಯ ಅಕಾಡೆಮಿ 1959ರಲ್ಲಿ ಅವರಿಗೆ ಪ್ರಶಸ್ತಿ ಕೊಟ್ಟದ್ದು ಕಾದಂಬರಿಗಲ್ಲ, ‘ಯಕ್ಷಗಾನ ಬಯಲಾಟ’ ಎಂಬ ಸಂಶೋಧನ ಗ್ರಂಥಕ್ಕೆ. ಚಿತ್ರಕಲೆ, ಶಿಲ್ಪಗಳ ಮೇಲೆ ಅವರು ಬರೆದುದನ್ನೂ ಜೊತೆಗಿಟ್ಟು ಓದಿದವರಿಗೆ, ಕಲಾವಿಮರ್ಶೆಗೆ ಬೇಕಾದ ಕನ್ನಡವನ್ನು ರೂಢಿಸಿದವರಲ್ಲಿ ಅವರೂ ಒಬ್ಬರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಪತ್ರ ಅವರ ಅಚ್ಚಾದ ಪುಸ್ತಕಗಳ ಬಗ್ಗೆ ಅಲ್ಲ. ಕಾದಂಬರಿಯ ಕರಡು ಕಳೆದುಹೋದರೂ ಕಾದಂಬರಿ ಉಳಿಯುತ್ತದೆ. ಕಲಾವಿಮರ್ಶಕನ ವಿಷಯ ಹಾಗಲ್ಲ. ದೇವಾಲಯದ ಮುಂದೆ ನಿಂತು ಗೀಚಿಕೊಂಡ ಟಿಪ್ಪಣಿ, ಹಿಂಬದಿಯಲ್ಲಿ ಊರಿನ ಹೆಸರು ಬರೆದಿಟ್ಟ ಛಾಯಾಚಿತ್ರ, ಭಾಗವತರೊಬ್ಬರಿಂದ ಬಂದ ಉತ್ತರ, ಇವೆಲ್ಲ ಸೇರಿಯೇ ಅವನ ತೀರ್ಮಾನಕ್ಕೆ ಆಧಾರ. ಅವು ಚದುರಿದರೆ ಅವನು ಏನನ್ನು ಕಂಡು ಹಾಗೆ ಹೇಳಿದನೆಂದು ಮುಂದಿನವರು ಪರೀಕ್ಷಿಸುವುದು ಹೇಗೆ?

ಮೈಸೂರಿನಲ್ಲಿ ಹುಟ್ಟಿ, 1993ರಲ್ಲಿ ಷಿಕಾಗೋದಲ್ಲಿ ತೀರಿಕೊಂಡ ಕವಿ ಎ.ಕೆ. ರಾಮಾನುಜನ್ ಅವರ ಕಾಗದಪತ್ರಗಳು ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಯಾವ ಪೆಟ್ಟಿಗೆಯಲ್ಲಿ ಏನಿದೆಯೆಂಬ ವಿವರಪಟ್ಟಿ ಅಲ್ಲಿದೆ. ಅವರ ದಿನಚರಿಗಳು 2019ರಲ್ಲಿ ಪುಸ್ತಕವಾಗಿ ಬರಲು ಸಾಧ್ಯವಾದದ್ದು ಆ ಸಂಗ್ರಹದಿಂದ. (ಕನ್ನಡ ಕವಿಯ ಬರಹ ನೋಡಲು ಕನ್ನಡದ ವಿದ್ಯಾರ್ಥಿ ವೀಸಾ ಕೇಳಬೇಕಾಗಿರುವುದು ಬೇರೆ ಮಾತು.)

ಕಾರಂತರು 1997ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಪುತ್ತೂರಿನ ಬಾಲವನ ಅವರ ನೆನಪಿನ ತಾಣವಾಗಿ ಉಳಿದಿದೆ, ಕೋಟದ ಬಳಿ ಅವರ ಹೆಸರಿನ ಉದ್ಯಾನವೂ ಇದೆ; ಎರಡರ ಬಗ್ಗೆಯೂ ನನಗೆ ಆಕ್ಷೇಪವಿಲ್ಲ. ಆದರೆ ಉದ್ಯಾನವನ್ನು ಮುಂದಿನ ವರ್ಷವೂ ಕಟ್ಟಬಹುದು, ಕರಾವಳಿಯ ಮಳೆಗಾಲ ಕಾಗದಕ್ಕೆ ಅಷ್ಟು ವ್ಯವಧಾನ ಕೊಡುವುದಿಲ್ಲ. ಗುಂಡುಸೂಜಿ ತುಕ್ಕು ಹಿಡಿದು ಹಾಳೆಯನ್ನು ತಿನ್ನುತ್ತದೆ, ಅಂಟುಪಟ್ಟಿ ಹಳದಿಯಾಗಿ ಅಕ್ಷರವನ್ನೇ ಕಿತ್ತುಕೊಂಡು ಬರುತ್ತದೆ, ಉಳಿದುದನ್ನು ಒರಲೆ ನೋಡಿಕೊಳ್ಳುತ್ತದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಕುಟುಂಬದವರಲ್ಲಿ, ಪ್ರಕಾಶಕರಲ್ಲಿ, ಅವರೊಡನೆ ಪತ್ರವ್ಯವಹಾರ ಮಾಡಿದವರ ಮನೆಗಳಲ್ಲಿ ಏನೇನು ಉಳಿದಿದೆಯೆಂದು ಮೊದಲು ಸಮೀಕ್ಷೆಯಾಗಲಿ, ಕೊಡಲು ಒಪ್ಪುವವರಿಂದ ಮಾತ್ರ ಲಿಖಿತ ಒಪ್ಪಂದದೊಂದಿಗೆ ಅವು ರಾಜ್ಯ ಪತ್ರಾಗಾರಕ್ಕೆ ಬರಲಿ. ಲೇಖಕರು ಇಟ್ಟುಕೊಂಡಿದ್ದ ಕ್ರಮವನ್ನು ಕದಡದೆ ಪಟ್ಟಿ ಮಾಡಬೇಕು. ಯಾವ ಕಾಗದ ಯಾವುದರ ಪಕ್ಕದಲ್ಲಿತ್ತೆಂಬುದೂ ಒಂದು ಸಾಕ್ಷ್ಯವೇ. ಪಟ್ಟಿಯಾಗುವ ಮೊದಲೇ ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಏರಿಸುವ ಅವಸರ ಬೇಡ. ಪತ್ರ ಯಾರ ಕೈಯಲ್ಲಿದ್ದರೂ ಅದರ ಹಕ್ಕುಸ್ವಾಮ್ಯ ಬರೆದವರದು ಮತ್ತು ಅವರ ವಾರಸುದಾರರದು; ಕಾರಂತರು ಬದುಕಿದ್ದಾಗಲೇ ಪ್ರಕಟವಾದ ಬರಹಗಳಿಗೆ ಅದು 2057ರ ಕೊನೆಯವರೆಗೆ ಇದೆ, ಆಗ ಪ್ರಕಟವಾಗದೆ ಉಳಿದವುಗಳಿಗೆ ಮೊದಲ ಪ್ರಕಟಣೆಯಿಂದ ಅರವತ್ತು ವರ್ಷ. ಓದುವ ಕೋಣೆಯಲ್ಲಿ ಕೂತು ನೋಡಲು ಅದು ಅಡ್ಡಿಯಾಗದಂತೆ ಒಪ್ಪಂದವನ್ನು ಬರೆಯಬಹುದು.

ಇದಕ್ಕೆ ಹೊಸ ಭವನ ಬೇಕಿಲ್ಲ. ಹಳೆಯ ಕೈಬರಹ ಓದಬಲ್ಲ, ಯಕ್ಷಗಾನದ ಪರಿಭಾಷೆ ಬಲ್ಲ ಇಬ್ಬರು ಕಾಯಂ ಪಟ್ಟಿಕಾರರು, ಆಮ್ಲರಹಿತ ಪೆಟ್ಟಿಗೆಗಳು, ತೇವ ತಡೆಯುವ ಒಂದು ಕೋಣೆ ಸಾಕು. ಬರುವ ಬಜೆಟ್‌ನಲ್ಲಿ ಮೊದಲು ಆ ಎರಡು ಹುದ್ದೆಗಳನ್ನು ಮಂಜೂರು ಮಾಡಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಕರಾವಳಿಯ ಒಬ್ಬ ಓದುಗ