ಸ್ವೀಡನ್ನರು ಮಾತಾಡಿಸುವುದಿಲ್ಲ ಅಂತ ಬೇಜಾರಾಗಬೇಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಸ್ವೀಡನ್ ಪ್ರವಾಸದ ಲೇಖನ ಓದಿದೆ. ಫೋಟೊಗಳು ಚೆನ್ನಾಗಿದ್ದವು. 1628ರಲ್ಲಿ ಮುಳುಗಿ 1961ರಲ್ಲಿ ಮೇಲೆ ಬಂದ ವಾಸಾ ಹಡಗು, ಸ್ಟಾಕ್‌ಹೋಮ್‌ನ ಹಳೇ ಪೇಟೆ ಗಮ್ಲಾ ಸ್ತಾನ್‌ನ ಕಲ್ಲುಹಾಸಿನ ಓಣಿಗಳು, ಎಲ್ಲ ಇದ್ದವು. ಆದರೆ ಕೊನೆಯಲ್ಲಿ ಲೇಖಕರು ‘ಜನ ಮಾತ್ರ ಗಂಟುಮುಖದವರು, ಯಾರೂ ಮಾತಾಡಿಸುವುದಿಲ್ಲ’ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಅದು ನನಗೆ ಸರಿ ಕಾಣಲಿಲ್ಲ.

ಸ್ಟಾಕ್‌ಹೋಮ್ ಪಕ್ಕದ ಸೋಲ್ನಾದಲ್ಲಿ ಮಗನ ಮನೆ ಇದೆ. ಮೇ ತಿಂಗಳಿಂದ ಜುಲೈವರೆಗೆ ಅಲ್ಲಿದ್ದೆ. ಮೊದಲ ಎರಡು ವಾರ ನಾನೂ ಹೀಗೇ ಗೊಣಗಿದವಳು. ಬಸ್ಸಲ್ಲಿ ನನ್ನ ಪಕ್ಕದ ಸೀಟು ಖಾಲಿ ಇದ್ದರೂ ನಿಂತೇ ಇರುತ್ತಿದ್ದರು. ಎದುರುಮನೆಯವರ ಬಾಗಿಲು ಇನ್ನೇನು ತೆರೆಯಿತು ಅನ್ನುವಷ್ಟರಲ್ಲಿ, ನನ್ನ ಚಪ್ಪಲಿ ಸದ್ದು ಕೇಳಿ, ಮತ್ತೆ ಮುಚ್ಚಿಕೊಳ್ಳುತ್ತಿತ್ತು. ‘ಅಮ್ಮಾ, ನಿನ್ನ ಮೇಲೆ ಬೇಸರ ಇಲ್ಲ, ನಿನಗೆ ಯಾಕೆ ತೊಂದರೆ ಅಂತ ಕಾಯ್ತಾರೆ ಅಷ್ಟೇ’ ಅಂದ ಮಗ. ನಾನು ನಂಬಲಿಲ್ಲ.

ನಂಬಿಕೆ ಬಂದಿದ್ದು ಬಟ್ಟೆ ಒಗೆಯುವ ಕೋಣೆಯಲ್ಲಿ. ಅಲ್ಲಿ ಬಹಳಷ್ಟು ಅಪಾರ್ಟ್‌ಮೆಂಟುಗಳಲ್ಲಿ ಮನೆಗೊಂದು ವಾಷಿಂಗ್ ಮೆಷೀನ್ ಇರುವುದಿಲ್ಲ. ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಒಂದು ಕೋಣೆ. ಗೋಡೆಯ ಮೇಲೆ ತಾರೀಖು, ಗಂಟೆ ಬರೆದ ಬೋರ್ಡು. ಪ್ರತಿ ಮನೆಗೂ ನಂಬರ್ ಹಾಕಿದ ಹೆಬ್ಬೆರಳು ಗಾತ್ರದ ಒಂದು ಬೀಗ ಇರುತ್ತದೆ, ಅದನ್ನು ನಮಗೆ ಬೇಕಾದ ಗಂಟೆಯ ತೂತಿಗೆ ಸಿಕ್ಕಿಸಿ ಬೀಗ ಹಾಕಿದರೆ ಆ ಹೊತ್ತು ನಮ್ಮದು. ನಮ್ಮ ಸಮಯ ಎರಡಕ್ಕೆ ಮುಗಿಯುತ್ತಿತ್ತು. ನಾನು ಮೊಮ್ಮಗಳಿಗೆ ಊಟ ಮಾಡಿಸುತ್ತಾ ಇಪ್ಪತ್ತು ನಿಮಿಷ ತಡ ಮಾಡಿದೆ. ಕೆಳಗೆ ಹೋದರೆ ಯಾರೂ ಇಲ್ಲ. ನಮ್ಮ ಬಟ್ಟೆಯೆಲ್ಲ ಬುಟ್ಟಿಯಲ್ಲಿ, ನನ್ನ ಎರಡು ಕಾಟನ್ ಸೀರೆ ಮಡಿಸಿ ಮೇಲಿಟ್ಟಿದೆ, ಅದರ ಮೇಲೊಂದು ಚೀಟಿ: ‘ನಿಮ್ಮ ಸಮಯ 14.00ಕ್ಕೆ ಮುಗಿದಿತ್ತು. ಡ್ರೈಯರ್ ಜಾಲರಿಯಲ್ಲಿ ನಾರು ಉಳಿದಿದೆ.’ ಹೆಸರಿಲ್ಲ, ಸಹಿ ಇಲ್ಲ. ಮುಖ ಕೆಂಪಗಾಯಿತು. ಆಮೇಲೆ ಗೊತ್ತಾಯಿತು, ಈ ಚೀಟಿಗಳಿಗೆ ಅಲ್ಲಿ ‘ಸಿಟ್ಟಿನ ಚೀಟಿ’ ಅಂತಲೇ ಹೆಸರಿದೆ, ಅವರೇ ಅದರ ಬಗ್ಗೆ ಜೋಕ್ ಮಾಡಿಕೊಂಡು ನಗುತ್ತಾರೆ. ಎದುರು ನಿಂತು ಬಯ್ಯುವುದಕ್ಕೆ ಅವರಿಗಾಗುವುದಿಲ್ಲ. ಆದರೆ ಆರು ಗಜದ ಸೀರೆಯನ್ನು, ಅದೇನಂತ ಗೊತ್ತಿಲ್ಲದೆಯೂ, ಅಂಚಿಗೆ ಅಂಚು ಸೇರಿಸಿ ಮಡಿಸಿದ್ದರು ನೋಡಿ!

ಅವತ್ತಿಂದ ನನಗೆ ಎಲ್ಲಾ ಕಡೆ, ಇನ್ನೊಬ್ಬರಿಗೆ ತೊಂದರೆ ಕೊಡಬಾರದು ಅನ್ನುವ ಅದೇ ಗುಣ ಕಾಣತೊಡಗಿತು. ಔಷಧಿ ಅಂಗಡಿಗೆ ಹೋಗಿ ಸೀದಾ ಕೌಂಟರ್ ಮುಂದೆ ನಿಂತೆ, ಯಾರೂ ಏನೂ ಅನ್ನಲಿಲ್ಲ, ಒಬ್ಬರು ಮಾತ್ರ ಬಾಗಿಲ ಪಕ್ಕದ ಮೆಷೀನಿನ ಕಡೆ ಕಣ್ಣು ಹಾಯಿಸಿದರು. ನಂಬರ್ ಚೀಟಿ ಹರಿದುಕೊಂಡು ಕೂರಬೇಕಿತ್ತು. ಕಾಡಿನಲ್ಲೂ ಅಷ್ಟೇ. ಅಲ್ಲಿ ‘ಅಲ್ಲೆಮಾನ್ಸ್‌ರೆಟ್ಟೆನ್’ ಅಂತ ಒಂದು ಹಕ್ಕಿದೆ. ಕಾಡು ಯಾರದ್ದೇ ಆಗಿರಲಿ, ನೀವು ನಡೆಯಬಹುದು, ಹಣ್ಣು, ಅಣಬೆ ಕಿತ್ತುಕೊಳ್ಳಬಹುದು, ಒಂದು ರಾತ್ರಿ ಟೆಂಟ್ ಹಾಕಬಹುದು. ಮನೆಯಂಗಳ, ಬೆಳೆ ಇರುವ ಹೊಲ ಮಾತ್ರ ಬಿಟ್ಟು. ನಿಯಮ ಎರಡೇ: ತೊಂದರೆ ಕೊಡಬೇಡ, ಹಾಳು ಮಾಡಬೇಡ. ಜುಲೈನಲ್ಲಿ ನಾವು ಒಂದು ಡಬ್ಬಿ ಬ್ಲೂಬೆರಿ ಕಿತ್ತೆವು, ನಾಲಿಗೆಯೆಲ್ಲ ನೇರಳೆ ಹಣ್ಣು ತಿಂದ ಹಾಗೆ.

ಇನ್ನೊಂದು ವಿಷಯ. ಭಾಷೆಯಲ್ಲಿ ಅವರು ನಮಗಿಂತ ಸಲೀಸು. 1960ರ ದಶಕದ ಕೊನೆಯಿಂದ ಅಲ್ಲಿ ಎಲ್ಲರೂ ‘ದೂ’, ಅಂದರೆ ‘ನೀನು’. ಡಾಕ್ಟರ್, ಮೇಷ್ಟ್ರು, ಮೇಲಧಿಕಾರಿ ಯಾರೇ ಆಗಲಿ. ಬ್ರೂರ್ ರೆಕ್ಸೆಡ್ ಅನ್ನುವವರು 1967ರಲ್ಲಿ ಸರ್ಕಾರಿ ಆರೋಗ್ಯ ಇಲಾಖೆಯ ಮುಖ್ಯಸ್ಥರಾಗಿ ಬಂದಾಗ, ಸಿಬ್ಬಂದಿಯನ್ನೆಲ್ಲ ‘ದೂ’ ಅಂತಲೇ ಕರೆಯುತ್ತೇನೆ ಅಂದರು. ಆ ಮಾತು ಈಗಲೂ ನೆನಪಿಸಿಕೊಳ್ಳುತ್ತಾರೆ. ಮೊಮ್ಮಗಳ ಶಿಶುವಿಹಾರದ ಟೀಚರ್ ನನ್ನನ್ನು ಹೆಸರು ಹಿಡಿದು ಕರೆದಾಗ, ನಿಜ ಹೇಳಬೇಕೆಂದರೆ, ಮೊದಲ ಸಲ ಚುರುಕ್ ಅಂತು.

ಮಾತು ಬೇಕಾದರೆ ಫಿಕಾ ಇದೆ. ಕಾಫಿಯನ್ನೇ ಹಿಂದುಮುಂದು ಮಾಡಿದ ಪದ ಅದು, ಕಾಫಿ ಹೋಗಿ ಫಿಕಾ, ನಮ್ಮ ಮಕ್ಕಳ ಆಟದ ಭಾಷೆ ಥರ ಅಲ್ವಾ? ಜೊತೆಗೆ ಏಲಕ್ಕಿ ಹಾಕಿದ ದಾಲ್ಚಿನ್ನಿ ಬನ್. ಸುಮ್ನೆ ಕಾಫಿ ಕುಡಿದು ಎದ್ದು ಬರುವುದಲ್ಲ, ಕೂತು ಮಾತಾಡಬೇಕು. ಎರಡನೇ ಲೋಟಕ್ಕೆ ‘ಪೋತೋರ್’ ಅನ್ನುತ್ತಾರೆ. ಯಾರಾದರೂ ಫಿಕಾಗೆ ಮನೆಗೆ ಕರೆದರೆ ಹೇಳಿದ ಸಮಯಕ್ಕೇ ಹೋಗಿ, ಚಪ್ಪಲಿ ಬಾಗಿಲಲ್ಲೇ ಬಿಡಿ. ಇದೊಂದು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಲೇಖನದಲ್ಲಿ ಬಿಟ್ಟುಹೋದ ಒಂದೆರಡು ಕೆಲಸದ ಮಾತು. ‘ಸ್ವಲ್ಪ ಕ್ರೋನಾ ನೋಟು ಇಟ್ಟುಕೊಂಡಿರಿ’ ಅಂತ ಬರೆದಿದ್ದಾರೆ. ನಾನೂ ಇಟ್ಟುಕೊಂಡಿದ್ದೆ, ಮೊದಲ ಬನ್ ಅಂಗಡಿಯಲ್ಲೇ ‘ನಗದು ಬೇಡ’ ಅನ್ನುವ ಬೋರ್ಡು ಕಂಡಿತು. ಅಲ್ಲಿನವರು ಸ್ವಿಶ್ ಅನ್ನುವ ಆ್ಯಪ್‌ನಲ್ಲಿ ದುಡ್ಡು ಕಳಿಸುತ್ತಾರೆ. ಅದಕ್ಕೆ ಅಲ್ಲಿನ ಬ್ಯಾಂಕ್ ಖಾತೆ ಬೇಕು, ಹಾಗಾಗಿ ಪ್ರವಾಸಿಗರಿಗೆ ಕಾರ್ಡೇ ಗತಿ. ವೈನ್, ಸ್ಟ್ರಾಂಗ್ ಬಿಯರ್ ಕೊಂಡು ಮನೆಗೆ ಒಯ್ಯಬೇಕಾದವರಿಗೆ ಸಾಮಾನ್ಯವಾಗಿ ಸರ್ಕಾರಿ ಅಂಗಡಿ ಸಿಸ್ಟೆಮ್‌ಬೊಲಾಗೆಟ್ಟೇ ಗತಿ. ಇಪ್ಪತ್ತು ವರ್ಷ ತುಂಬಿರಬೇಕು, ಶನಿವಾರ ಮಧ್ಯಾಹ್ನವೇ ಬಾಗಿಲು ಹಾಕುತ್ತಾರೆ, ಭಾನುವಾರ ಇಲ್ಲವೇ ಇಲ್ಲ. ಕೆಲಸದ ದಿನಗಳಲ್ಲಿ ಮಧ್ಯಾಹ್ನದ ‘ದಾಗೆನ್ಸ್ ಲುಂಚ್’ ಊಟ ರಾತ್ರಿಗಿಂತ ಅಗ್ಗ, ಸಾಮಾನ್ಯವಾಗಿ ಸಲಾಡ್, ಬ್ರೆಡ್, ಕಾಫಿ ಅದರಲ್ಲೇ ಸೇರಿರುತ್ತದೆ. ನಲ್ಲಿ ನೀರು ಹಾಗೇ ಕುಡಿಯಬಹುದು, ಬಾಟಲಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಗಂಟುಮುಖ ಅಂದವರು ಮಿಡ್‌ಸಮ್ಮರ್ ಹಬ್ಬದ ಮುನ್ನಾದಿನ ಒಂದು ಸಲ ನೋಡಬೇಕಿತ್ತು. ಜೂನ್ 19ರಿಂದ 25ರೊಳಗೆ ಬರುವ ಶುಕ್ರವಾರ ಅದು. ಎಲೆ, ಹೂವು ಸುತ್ತಿದ ಕಂಬದ ಸುತ್ತ ಅಜ್ಜ, ಅಜ್ಜಿ, ಸೂಟು ಹಾಕಿದ ಗಂಡಸರು, ಎಲ್ಲರೂ ಕಪ್ಪೆ ಹಾಡಿಗೆ ಕುಪ್ಪಳಿಸುತ್ತಿದ್ದರು. ನಮ್ಮ ಎದುರುಮನೆಯಾಕೆಯೂ ಇದ್ದರು. ನನ್ನ ಕೈ ಹಿಡಿದು ಎಳೆದುಕೊಂಡರು, ಮಂಡಿ ನೋವು ಅಂದರೂ ಕೇಳಲಿಲ್ಲ. ರಾತ್ರಿ ಹತ್ತಾದರೂ ಬಿಸಿಲಿತ್ತು. ಆ ಶುಕ್ರವಾರ ಬಹಳ ಅಂಗಡಿಗಳು ಬೇಗ ಮುಚ್ಚುತ್ತವೆ, ಕೆಲವು ತೆರೆಯುವುದೇ ಇಲ್ಲ. ಹೋಗುವವರು ಹಾಲು, ತರಕಾರಿ ಗುರುವಾರವೇ ತಂದಿಟ್ಟುಕೊಳ್ಳಿ.

ಇತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗಿತ್ತಿ