ಹಸಿವು ಮತ್ತೆ ಬರುತ್ತದೆ, ಪುಟ್ಟಿ

ಮಂಡ್ಯ

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ.

ಭಾನುವಾರ ಫೋನಿನಲ್ಲಿ ನೀನು ಒಂದು ಮಾತು ಹೇಳಿದೆ. "ತೂಕ ಇಳಿಸೋ ಆಪರೇಷನ್ ಆದ್ಮೇಲೆ ಹಸಿವೇ ಆಗಲ್ವಂತೆ ಅಲ್ವಾ ದೊಡ್ಡಮ್ಮ? ಒಂದು ವರ್ಷದಲ್ಲಿ 60 ಕೆಜಿಗೆ ಬಂದುಬಿಡ್ತೀನಿ." ನಿನ್ನ ದನಿಯಲ್ಲಿ ಅಷ್ಟು ಖುಷಿ ಇತ್ತು. ಆಗ ಏನೂ ಹೇಳಲು ಮನಸ್ಸಾಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 2014ರಲ್ಲಿ ನಾನೂ ಇದನ್ನೇ ನಂಬಿಕೊಂಡು ಆಸ್ಪತ್ರೆಗೆ ಹೋಗಿದ್ದೆ. ಆಮೇಲೆ ನನಗೆ ಪೆಟ್ಟು ಬಿದ್ದದ್ದೂ ಆ ನಂಬಿಕೆಯಿಂದಲೇ.

ಆಪರೇಷನ್ ಬೇಡ ಅನ್ನುತ್ತಿಲ್ಲ ಕಣೇ. ಮಾಡಿಸಿಕೋ. ನಿನಗೆ ಈಗ 34 ವರ್ಷ, 104 ಕೆಜಿ, ಎರಡು ವರ್ಷದಿಂದ ಶುಗರ್. ಶುಗರ್‌ನಿಂದ ನಿನ್ನ ತಾತನ ಕಾಲು ತೆಗೆದಾಗ ಪಕ್ಕದಲ್ಲಿ ಇದ್ದವಳು ನಾನು. ನಾನು 111 ಕೆಜಿಯಿಂದ ಇಳಿದದ್ದು, ದಿನಕ್ಕೆ ನಾಲ್ಕು ಇದ್ದ ಶುಗರ್ ಮಾತ್ರೆ ಒಂದಕ್ಕೆ ಬಂದದ್ದು, ಮಂಡಿ ಹಿಡಿದುಕೊಳ್ಳದೆ ಮೇಲುಕೋಟೆ ಬೆಟ್ಟದ ಮೆಟ್ಟಿಲು ಹತ್ತಿದ್ದು, ಎಲ್ಲ ಈ ಆಪರೇಷನ್‌ನಿಂದಲೇ. ಇವತ್ತಿಗೂ ನನಗೆ ಆ ಬಗ್ಗೆ ಬೇಜಾರಿಲ್ಲ. ಹಸಿವಿನ ವಿಷಯವನ್ನು ಮಾತ್ರ ನನಗೆ ಯಾರೂ ಸರಿಯಾಗಿ ಬಿಡಿಸಿ ಹೇಳಲಿಲ್ಲ. ಅದನ್ನು ನಿನಗೆ ನಾನು ಹೇಳಬೇಕು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು, ಸ್ವಲ್ಪ ಪಾಠ ಕೇಳಿಸಿಕೋ. ಜಠರದ ಮೇಲುಗಡೆ ಗುಮ್ಮಟದ ಹಾಗೆ ಉಬ್ಬಿದ ಒಂದು ಭಾಗ ಇದೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನೋ ಹಾರ್ಮೋನು ಜಾಸ್ತಿ ತಯಾರಾಗುವುದು ಅಲ್ಲೇ. ಜಪಾನಿನ ವಿಜ್ಞಾನಿಗಳು ಅದನ್ನು ಕಂಡುಹಿಡಿದದ್ದು 1999ರಲ್ಲಿ. ನಾನು ಕಾಲೇಜಿನಲ್ಲಿ ಓದುವಾಗ ಆ ಹೆಸರೇ ಇರಲಿಲ್ಲ. ನಿನಗೆ ಮಾಡುವ ಸ್ಲೀವ್ ಆಪರೇಷನ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆದು, ಬಾಳೆಹಣ್ಣಿನಂಥ ಒಂದು ಕೊಳವೆ ಉಳಿಸುತ್ತಾರೆ. ಆ ಗುಮ್ಮಟವೂ ಹೋಗುತ್ತದೆ. ಅದಕ್ಕೇ ಮೊದಲ ತಿಂಗಳುಗಳಲ್ಲಿ ಹಸಿವು ಅಡಗಿಬಿಡುತ್ತದೆ. ನನಗಂತೂ ಊಟದ ಹೊತ್ತು ನೆನಪಿಸಲು ಗಡಿಯಾರದ ಅಲಾರಂ ಬೇಕಾಗಿತ್ತು.

ಆದರೆ ಗ್ರೆಲಿನ್ ಹುಟ್ಟುವುದು ಅಲ್ಲಿ ಮಾತ್ರ ಅಲ್ಲ, ಬೇರೆ ಕಡೆಯೂ ಸ್ವಲ್ಪ ಹುಟ್ಟುತ್ತದೆ. ಜೊತೆಗೆ ಮೈಯ ಕೊಬ್ಬು ಕರಗಿದ ಹಾಗೆ ಮೈಯಲ್ಲಿ ಸಾಕಷ್ಟು ಕೊಬ್ಬಿದೆ ಅಂತ ಮಿದುಳಿಗೆ ತಿಳಿಸುವ ಲೆಪ್ಟಿನ್ ಅನ್ನೋ ಇನ್ನೊಂದು ಹಾರ್ಮೋನು ಇಳಿಯುತ್ತದೆ. ಬರಗಾಲ ಬಂತು ಅಂತ ಮಿದುಳು ತಿಳಿದುಕೊಳ್ಳುತ್ತದೆ. ಇದ್ದದ್ದನ್ನು ಹಿಡಿದಿಡು, ಇನ್ನೂ ತಿನ್ನು ಅನ್ನುತ್ತದೆ. ಹಾಗಾಗಿ ಕೆಲವರಿಗೆ ಆರು ತಿಂಗಳಿಗೆ, ಕೆಲವರಿಗೆ ವರ್ಷಕ್ಕೆ, ಒಂದೂವರೆ ವರ್ಷಕ್ಕೆ ಹಸಿವು ಮೆಲ್ಲಗೆ ವಾಪಸ್ಸು ಬರುತ್ತದೆ.

ನನಗೆ ಬಂದದ್ದು 2015ರ ಗೌರಿ ಹಬ್ಬದ ದಿನ. ಆಪರೇಷನ್ ಆಗಿ ಹದಿನೈದು ತಿಂಗಳಾಗಿತ್ತು. ತೂಕ 76ಕ್ಕೆ ಇಳಿದಿತ್ತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಬ್ಬಟ್ಟಿಗೆ ಹೂರಣ ರುಬ್ಬುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಹೊಟ್ಟೆ ಚುರುಗುಟ್ಟಿತು. ಹಳೇ ಹಸಿವು, ಅದೇ. ಕೈ ನಿಂತುಹೋಯಿತು. ಒಳಗೆ ಹೊಲಿಗೆ ಬಿಚ್ಚಿಕೊಂಡಿದೆ, ಆಪರೇಷನ್ ಕೆಟ್ಟುಹೋಯಿತು, ಅಷ್ಟು ದುಡ್ಡು ನೀರಿಗೆ ಹೋಯಿತು ಅಂದುಕೊಂಡೆ. ನಿಮ್ಮ ದೊಡ್ಡಪ್ಪನಿಗೂ ಹೇಳಲಿಲ್ಲ. ಡಾಕ್ಟರ್ ಬೈಯುತ್ತಾರೆ ಅಂತ ಹದಿನೆಂಟನೇ ತಿಂಗಳ ಚೆಕಪ್‌ಗೆ ಹೋಗಲಿಲ್ಲ. ಆಮೇಲೆ ಎರಡೂವರೆ ವರ್ಷ ಆ ಕಡೆ ತಲೆಯೇ ಹಾಕಲಿಲ್ಲ. ವಿಟಮಿನ್ ಮಾತ್ರೆಗಳನ್ನೂ ಬಿಟ್ಟೆ. ತೂಕ 85ಕ್ಕೆ ಏರಿತು. ಅಂಗಾಲು ಜೋಮು ಹಿಡಿಯಲು ಶುರುವಾಯಿತು. ಬಿ12 ವಿಟಮಿನ್ ಪಾತಾಳಕ್ಕೆ ಇಳಿದಿತ್ತು. ಕೊನೆಗೆ ಹೋದಾಗ ಡಯಟೀಶಿಯನ್ ಹುಡುಗಿ ನನ್ನ ಕೈ ಹಿಡಿದುಕೊಂಡು ಹೇಳಿದಳು, "ಹಸಿವು ಬರೋದು ಸಹಜ ಮೇಡಂ, ಎಲ್ಲರಿಗೂ ಬರುತ್ತೆ. ಆಗಲೇ ಬರಬೇಕಿತ್ತು ನೀವು." ಆ ಒಂದು ಮಾತು ಮೊದಲೇ ಕಿವಿಗೆ ಬಿದ್ದಿದ್ದರೆ ನನ್ನ ಎರಡೂವರೆ ವರ್ಷ ಉಳಿಯುತ್ತಿತ್ತು ಪುಟ್ಟಿ. ಅದಕ್ಕೇ ನಿನಗೆ ಈಗಲೇ ಹೇಳುತ್ತಿದ್ದೇನೆ.

ಮೊದಲ ವರ್ಷ ಅಂದರೆ ಕೆಆರ್‌ಎಸ್‌ನಿಂದ ನಾಲೆಗೆ ನೀರು ಬಿಟ್ಟ ಹಾಗೆ. ನೀರು ಬರುತ್ತಿರುವಾಗಲೇ ನಾಟಿ ಮುಗಿಸಬೇಕು. ಹಸಿವು ಸುಮ್ಮನಿರುವಾಗ ತಿನ್ನುವ ರೀತಿ ಬದಲಾಯಿಸಿಕೊಳ್ಳುವುದು ಸುಲಭ. ಹಸಿವು ಬಂದ ಮೇಲೆ ಕಲಿಯುವುದು ಬಹಳ ಕಷ್ಟ. ನಾನು ಆ ವರ್ಷವನ್ನು ಸುಮ್ನೆ ಖುಷಿಯಲ್ಲೇ ಕಳೆದೆ. ತೂಕ ತಾನಾಗಿ ಇಳಿಯುತ್ತಿದೆಯಲ್ಲ ಅಂತ.

ಏನು ಕಲಿಯಬೇಕು ಅಂದರೆ, ಮೊದಲನೆಯದು ಅಗಿಯುವುದು. ನಮ್ಮ ಮನೆಯಲ್ಲಿ ಮುದ್ದೆ ಅಗಿದರೆ ನಗುತ್ತಾರೆ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಬೇಕು. ಹುಟ್ಟಿದಾಗಿನಿಂದ ಹಾಗೇ ತಿಂದವಳು ನಾನು. ಮೂರನೇ ತಿಂಗಳಲ್ಲಿ ಬಸ್ಸಾರಿನ ವಾಸನೆಗೆ ಆಸೆಯಾಗಿ ಗೋಲಿಯಷ್ಟು ಮುದ್ದೆ ನುಂಗಿದೆ. ಅದು ಎದೆಯ ಹತ್ತಿರ ಸಿಕ್ಕಿಕೊಂಡಿತು. ಮುಕ್ಕಾಲು ಗಂಟೆ ನೊರೆ ನೊರೆಯಾಗಿ ವಾಂತಿ. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಆಸ್ಪತ್ರೆಯಲ್ಲಿ ಕೊಟ್ಟ ಚೀಟಿಯಲ್ಲಿ ಓಟ್ಸ್, ಸೂಪು, ಪ್ರೋಟೀನ್ ಪುಡಿ ಅಂತ ಇತ್ತೇ ಹೊರತು ಮುದ್ದೆಯ ಸುದ್ದಿಯೇ ಇರಲಿಲ್ಲ. ನೀನು ಡಯಟೀಶಿಯನ್ ಹತ್ತಿರ ಕೂತಾಗ ನಾವು ಮನೆಯಲ್ಲಿ ನಿಜವಾಗಿ ತಿನ್ನುವುದನ್ನು ಒಂದೊಂದಾಗಿ ಹೇಳಿ ಕೇಳು. ಮುದ್ದೆ, ಬಸ್ಸಾರು, ಅವರೆಕಾಳು, ಚಿತ್ರಾನ್ನ, ಎಲ್ಲ. ನಾಚಿಕೊಳ್ಳಬೇಡ.

ಎರಡನೆಯದು, ತಟ್ಟೆಯಲ್ಲಿ ಯಾವುದು ಮೊದಲು ಅನ್ನೋದು. ಹೊಸ ಹೊಟ್ಟೆಯಲ್ಲಿ ಜಾಗ ಕಡಿಮೆ, ಆದರೆ ದಿನಕ್ಕೆ 60 ಗ್ರಾಂ ಪ್ರೋಟೀನ್ ಆದರೂ ಹೋಗಲೇಬೇಕು. ಒಂದು ಮೊಟ್ಟೆಯಲ್ಲಿ ಇರುವುದು ಬರೀ ಆರು ಗ್ರಾಂ. ಲೆಕ್ಕ ಹಾಕಿಕೋ. ಅದಕ್ಕೇ ಮೊದಲು ಮೊಟ್ಟೆ, ಮೀನು, ಕಾಳು, ಪನೀರು. ಆಮೇಲೆ ಪಲ್ಯ. ಜಾಗ ಉಳಿದರೆ ಅನ್ನವೋ ಮುದ್ದೆಯೋ. ನಮ್ಮ ತಟ್ಟೆಯಲ್ಲಿ ಇದು ಪೂರ್ತಿ ತಿರುಗುಮುರುಗು, ಗೊತ್ತು. ಆದರೂ ಅಭ್ಯಾಸ ಆಗುತ್ತದೆ. ಇನ್ನು ಊಟದ ಜೊತೆ ನೀರು, ಮಜ್ಜಿಗೆ ಕುಡಿಯಬೇಡ. ಊಟ ಆಗಿ ಅರ್ಧ ಗಂಟೆ ಬಿಟ್ಟು ಕುಡಿ. ತಿಳಿಸಾರಿನಲ್ಲಿ ಕಲಸಿದ ಮೆತ್ತನೆ ಅನ್ನ ಜಾರಿಕೊಂಡು ಹೋಗುತ್ತದೆ. ಹೊಟ್ಟೆ ತುಂಬಿದ್ದೇ ಗೊತ್ತಾಗುವುದಿಲ್ಲ.

ಹೊಟ್ಟೆ ತುಂಬಿದ್ದು ಮೊದಲಿನ ಹಾಗೆ ತೇಗು ಬಂದು ತಿಳಿಯುವುದಿಲ್ಲ. ನನಗೆ ಮೂಗು ಸೋರುತ್ತದೆ. ಕೆಲವರಿಗೆ ಬಿಕ್ಕಳಿಕೆ, ಕೆಲವರಿಗೆ ಸೀನು, ಕೆಲವರಿಗೆ ಎದೆಯ ಹತ್ತಿರ ಒತ್ತಿದ ಹಾಗೆ. ನಿನ್ನ ಗುರುತು ಯಾವುದು ಅಂತ ಕಂಡುಕೋ. ಅದು ಬಂದ ತಕ್ಷಣ ಕೈ ತೊಳೆ. ಇನ್ನೊಂದೇ ತುತ್ತು ಅಂದರೆ ಅದು ಹೊರಗೆ ಬರುತ್ತದೆ.

ಈಗ ಹೇಳುವುದು ಇದಕ್ಕಿಂತ ಕಷ್ಟದ ವಿಷಯ. ಹಸಿವು ಬೇರೆ, ಬಯಕೆ ಬೇರೆ. ಆಪರೇಷನ್ ಹಸಿವನ್ನು ಮುಟ್ಟುತ್ತದೆ. ಬಯಕೆಯನ್ನು ಅಷ್ಟಾಗಿ ಮುಟ್ಟುವುದಿಲ್ಲ. ನಾನು ಸ್ಕೂಲಿನಿಂದ ಸಂಜೆ ಐದಕ್ಕೆ ಮನೆಗೆ ಬರುತ್ತಿದ್ದೆ. ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಸೀರೆ ಕೂಡ ಬದಲಾಯಿಸದೆ ಖಾರಾಬೂಂದಿ ಡಬ್ಬಿ ತೆಗೆದುಕೊಂಡು ಕೂರುತ್ತಿದ್ದೆ. ಆ ಡಬ್ಬಿಯ ಮುಂದೆ ಕೂತಾಗಲೇ ನನಗೆ ದಿನ ಮುಗಿದ ಹಾಗೆ ಅನ್ನಿಸುತ್ತಿದ್ದದ್ದು. ಆಪರೇಷನ್ ಆಗಿ ಆರು ವಾರಕ್ಕೆ ಸ್ಕೂಲಿಗೆ ಹೋಗಲು ಶುರು ಮಾಡಿದೆ. ಮೊದಲನೇ ದಿನ ಸಂಜೆ ಐದಕ್ಕೆ ಬಂದೆ. ಹಸಿವು ಚೂರೂ ಇಲ್ಲ. ಆದರೂ ಕೈ ಡಬ್ಬಿಯ ಮೇಲಿತ್ತು. ಅವತ್ತು ನಾನು ಅತ್ತೆ ಕಣೇ. ಯಾರೋ ಹತ್ತಿರದವರು ಮನೆ ಬಿಟ್ಟು ಹೋದ ಹಾಗೆ ಅನ್ನಿಸಿತು.

ನಿನಗೂ ಇಂಥ ಒಂದು ಹೊತ್ತು ಇರುತ್ತದೆ. ಆಫೀಸಿನ ಕ್ಯಾಬ್‌ನಲ್ಲೋ, ರಾತ್ರಿ ಮೊಬೈಲ್ ಹಿಡಿದಾಗಲೋ. ಅದು ಯಾವ ಹೊತ್ತು ಅಂತ ಆಪರೇಷನ್‌ಗೆ ಮುಂಚೆಯೇ ಕಂಡುಕೋ. ಆ ಹೊತ್ತಿಗೆ ಬೇರೆ ಏನಾದರೂ ಇಟ್ಟುಕೋ. ನಾನು ಈಗ ಐದಕ್ಕೆ ನಿಮ್ಮಮ್ಮನಿಗೆ ಫೋನ್ ಮಾಡುತ್ತೇನೆ, ನಿನಗೇ ಗೊತ್ತಲ್ಲ. ಅದು ಶುರುವಾದದ್ದು ಹೀಗೆ. ಕುರುಕಲು ತಿಂಡಿಯನ್ನು ಮಾತ್ರ ಮನೆಯೊಳಗೆ ತರಲೇಬೇಡ. ಚಕ್ಕುಲಿ, ಬಿಸ್ಕತ್ತು, ಮದ್ದೂರು ವಡೆ ಬಾಯಲ್ಲಿ ಪುಡಿಯಾಗಿ ಒಳಗೆ ಸಲೀಸಾಗಿ ಇಳಿದುಬಿಡುತ್ತವೆ. ಚಿಕ್ಕ ಹೊಟ್ಟೆ ಅವನ್ನು ತಡೆಯುವುದಿಲ್ಲ. ನನ್ನ ಒಂಬತ್ತು ಕೆಜಿ ವಾಪಸ್ಸು ಬಂದದ್ದು ಹಬ್ಬದ ಊಟದಿಂದ ಅಲ್ಲ, ದಿನಾ ಸ್ವಲ್ಪ ಸ್ವಲ್ಪ ಬಾಯಾಡಿಸಿದ್ದರಿಂದ.

ಇನ್ನು ಆ 60 ಕೆಜಿ. ಈ ಆಪರೇಷನ್‌ನಲ್ಲಿ ಸಾಮಾನ್ಯವಾಗಿ ಇಳಿಯುವುದು ಇರುವ ತೂಕದ ನೂರಕ್ಕೆ 25ರಿಂದ 30ರಷ್ಟು. ನಿನ್ನ 104ಕ್ಕೆ ಲೆಕ್ಕ ಹಾಕಿದರೆ 73ರಿಂದ 78ರ ಆಸುಪಾಸು. ಅಲ್ಲಿಂದ ನಾಲ್ಕೈದು ಕೆಜಿ ಮತ್ತೆ ಏರಿದರೂ ಅಚ್ಚರಿಯಿಲ್ಲ. ಸ್ವೀಡನ್‌ನಲ್ಲಿ 1987ರಲ್ಲಿ ಶುರು ಮಾಡಿ, ತೂಕ ಇಳಿಸುವ ಬೇರೆ ಬೇರೆ ಬಗೆಯ ಆಪರೇಷನ್ ಆದವರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ನೋಡಿದ್ದಾರೆ. ಅಲ್ಲೂ ತೂಕ ತುಂಬಾ ಕೆಳಗೆ ಇದ್ದದ್ದು ಮೊದಲ ಒಂದೆರಡು ವರ್ಷ. ಆಮೇಲೆ ಸ್ವಲ್ಪ ಏರಿ ನಿಂತಿತು. ಆದರೂ ಆಪರೇಷನ್ ಆಗದವರಿಗಿಂತ ಇವರಲ್ಲಿ ಸಾವು ಕಡಿಮೆ. ನಾನು ಈಗ 81 ಕೆಜಿ. ಮದುವೆಗೆ ಮುಂಚಿನ ರವಿಕೆ ನನಗೆ ಹಿಡಿಸುವುದಿಲ್ಲ. 60 ಅಂತ ಮನಸ್ಸಿನಲ್ಲಿ ಇಟ್ಟುಕೊಂಡರೆ 76ಕ್ಕೆ ಬಂದ ದಿನವೂ ನೀನು ಸೋತೆ ಅಂತ ಅಳುತ್ತೀಯ. ಅದನ್ನು ನಾನು ನೋಡಲಾರೆ.

ಮೂರನೇ ವಾರಕ್ಕೆ ತೂಕ ಇಳಿಯುವುದು ನಿಂತುಹೋದರೆ ಗಾಬರಿಯಾಗಬೇಡ. ಬಹಳ ಜನಕ್ಕೆ ಹಾಗಾಗುತ್ತದೆ, ಮತ್ತೆ ಇಳಿಯುತ್ತದೆ. ಮೂರು ನಾಲ್ಕು ತಿಂಗಳಿಗೆ ಕೂದಲು ಕೈತುಂಬಾ ಬರುತ್ತದೆ. ಅದೂ ಸಾಮಾನ್ಯವಾಗಿ ಮತ್ತೆ ಹುಟ್ಟುತ್ತದೆ. ತೋಳಿನ, ಹೊಟ್ಟೆಯ ಚರ್ಮ ಜೋಲು ಬೀಳುತ್ತದೆ. ಅದು ಪೂರ್ತಿ ಸರಿಹೋಗುವುದಿಲ್ಲ. ವಿಟಮಿನ್, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಜೀವನಪೂರ್ತಿ. ಎರಡು ಮೂರು ದಿನ ವಾಂತಿ ನಿಲ್ಲದಿದ್ದರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೋಗು. ಬಿ1 ವಿಟಮಿನ್ ಇಳಿದುಹೋದರೆ ನರಕ್ಕೆ, ಮಿದುಳಿಗೆ ಪೆಟ್ಟು.

ಒಂದು ಮಾತು ನಿಮ್ಮಮ್ಮ ನಿನ್ನ ಹತ್ತಿರ ಹೇಳಲಾರಳು, ನಾನೇ ಹೇಳುತ್ತೇನೆ. ತೂಕ ಇಳಿದ ಹಾಗೆ ನಿನ್ನ ಪಿಸಿಓಎಸ್, ಅದೇ ಮುಟ್ಟು ಏರುಪೇರಾಗುವ ಹಾರ್ಮೋನು ತೊಂದರೆ, ಸುಧಾರಿಸಿ, ಬೇಗ ಗರ್ಭ ನಿಲ್ಲಬಹುದು. ಆದರೆ ಒಂದರಿಂದ ಒಂದೂವರೆ ವರ್ಷ ಬೇಡ. ಆ ಹೊತ್ತಿನಲ್ಲಿ ನಿನ್ನ ಮೈಗೇ ಸಾಕಷ್ಟು ಸತ್ವ ಸಿಗುತ್ತಿರುವುದಿಲ್ಲ. ಗಂಡನ ಜೊತೆ ಈಗಲೇ ಮಾತಾಡು, ಡಾಕ್ಟರ್ ಹತ್ತಿರ ಕೇಳಿ ಸರಿಯಾದ ದಾರಿ ಮಾಡಿಕೋ. "ಏನಾದ್ರೂ ವಿಶೇಷ ಇದೆಯಾ" ಅಂತ ಕೇಳುವವರಿಗೆ ನಾನು ಉತ್ತರ ಹೇಳುತ್ತೇನೆ. ಮದುವೆ ಮನೆಯಲ್ಲಿ ಎಲೆಗೆ ಇನ್ನೊಂದು ಹೋಳಿಗೆ ಹಾಕಲು ಬಂದರೆ ಎಲೆಗೆ ಅಡ್ಡ ಕೈ ಹಿಡಿ. ಅವರು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಹಸಿವು ಬಂದ ಮೇಲೆ ಎಲ್ಲ ಮುಗಿಯಿತು ಅಂತಲ್ಲ. ನಾನು 85ರಿಂದ 81ಕ್ಕೆ ಮತ್ತೆ ಬಂದದ್ದು ಬೆಳಿಗ್ಗೆ ಎರಡು ಮೊಟ್ಟೆ, ಸಂಜೆ ಮೊಳಕೆ ಕಾಳಿನ ಉಸಲಿ, ಹೊತ್ತು ಹೊತ್ತಿಗೆ ಊಟ, ಮಧ್ಯೆ ಏನೂ ಇಲ್ಲ, ಇಷ್ಟರಿಂದ. ಇದು ಸಾಲದಿದ್ದರೆ ಔಷಧವೂ ಇದೆ. ತೂಕಕ್ಕೆ ಅಂತಲೇ ಕೊಡುವ, ಹಸಿವು ತಗ್ಗಿಸುವ ವಾರಕ್ಕೊಂದು ಇಂಜೆಕ್ಷನ್ 2025ರಿಂದ ನಮ್ಮ ದೇಶದಲ್ಲೂ ಸಿಗುತ್ತಿದೆ. ಬೇಕೋ ಬೇಡವೋ ಡಾಕ್ಟರ್ ಹೇಳುತ್ತಾರೆ. ಆದರೆ ಹೇಳಲು ನೀನು ಅವರ ಮುಂದೆ ಹೋಗಿ ಕೂತಿರಬೇಕು ಅಲ್ವಾ?

ಆಪರೇಷನ್ ಹಿಂದಿನ ಎರಡು ವಾರದ ಪಥ್ಯ ತಪ್ಪಿಸಬೇಡ. ಜಠರದ ಮೇಲೆ ಒರಗಿರುವ ಲಿವರ್ ಸಣ್ಣಗಾಗಲಿ ಅಂತ ಅದು. ಲಿವರ್ ಉಬ್ಬಿದ್ದರೆ ಡಾಕ್ಟರಿಗೆ ಕೆಲಸ ಮಾಡುವುದು ಕಷ್ಟ.

ನಾನು ಹಿಂದಿನ ದಿನ ಸಂಜೆ ಬರುತ್ತೇನೆ. ಆಸ್ಪತ್ರೆಯಲ್ಲಿ ರಾತ್ರಿ ನಾನೇ ಇರುತ್ತೇನೆ, ನಿಮ್ಮಮ್ಮನಿಗೆ ಬಿಪಿ ಇದೆ, ಅವಳು ಮನೆಯಲ್ಲಿರಲಿ. ನಾನು ಊಟ ಮಾಡುವ ಸ್ಟೀಲಿನ ಪುಟ್ಟ ಬಟ್ಟಲಿನಂಥದ್ದೇ ಇನ್ನೊಂದು ತಂದಿಟ್ಟಿದ್ದೇನೆ, ತರುತ್ತೇನೆ. ನೀನು ಚೆಕಪ್ ದಿನಗಳನ್ನು ಕೇಳಿಕೊಂಡು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡು. ಹದಿನೆಂಟನೇ ತಿಂಗಳದ್ದು ಯಾವ ದಿನ ಅಂತ ನನಗೂ ತಿಳಿಸು. ಅವತ್ತು ನಾನೂ ನಿನ್ನ ಜೊತೆ ಬರುತ್ತೇನೆ.

ನಿನ್ನ ಪ್ರೀತಿಯ,
ದೊಡ್ಡಮ್ಮ